ಐಶ್ವರ್ಯಾ ಟೀಚರ್ ಮತ್ತು ಪತ್ರಾವಳಿಯ ಕಟ್ಟು

ನಾಲ್ಕೂಕಾಲಿಗೆ ನೀರು ತುಂಬುವುದು, ಏಕೆಂದರೆ ನಳ ಬರುವುದೇ ಆ ಹೊತ್ತಿಗೆ. ನಿನ್ನೆಯ ಪಾತ್ರೆ. ಅಂಗಳ ಗುಡಿಸಿ ರಂಗೋಲಿ. ಅತ್ತೆಗೆ ಬಿಸಿನೀರು, ಗುಳಿಗೆ, ಲಿಂಗಪೂಜೆಗೆ ಹೂವು. ಹದಿನಾಲ್ಕು ರೊಟ್ಟಿ, ಬದನೆಕಾಯಿ ಪಲ್ಲೆ, ಎರಡು ಡಬ್ಬಿ. ಗಂಡನ ಅಂಗಿಗೆ ಇಸ್ತ್ರಿ. ಇವತ್ತು ಇವೆಲ್ಲದರ ಮೇಲೆ ಹೋಳಿಗೆಗೆಂದು ಕಡಲೆಬೇಳೆ ಬೇಯಿಸಿ ಬಸಿದಿಡುವುದು.

ಇಷ್ಟು ಮುಗಿದಾಗಲೂ ಶಹಾಪುರದ ಆ ಓಣಿಯಲ್ಲಿ ಮಗ್ಗಗಳ ಸದ್ದು ಶುರುವಾಗಿರಲಿಲ್ಲ. ಹಲಸಿಯ ಆಚೆಯ ಹಳ್ಳಿಶಾಲೆಯಲ್ಲಿ ಹನ್ನೊಂದು ವರ್ಷದಿಂದ ಕಲಿಸುವ ಐಶ್ವರ್ಯಾಳಿಗೆ ಪಾಠ ಯೋಚಿಸಲು ಇರುವುದು ರೊಟ್ಟಿ ತಟ್ಟುವ ಹೊತ್ತೊಂದೇ. ಇವತ್ತು ಅದೂ ಆಗಲಿಲ್ಲ.

"ನಮ್ಮ ಆಫೀಸಿನ ಸಾಹೇಬ್ರು ಸಂಜಿ ಆರಕ್ಕ ಬರತಾರ. ನಿನ್ನ ಕೈ ಹೋಳಿಗಿ ತಿನ್ನಸ್ತೀನಿ ಅಂತ ಹೇಳೇನಿ," ಎಂದ ಗಂಡ ಶಶಿಧರ, ಚಹಾದ ಕಪ್ಪಿಗೆ ಕೈಚಾಚಿ.

"ಮೂರಕ್ಕ ಪಾಲಕರ ಸಭಾ ಐತ್ರಿ. ನೀವ ಅರ್ಧಾ ದಿನ ರಜಾ ಹಾಕಿ ಹೂರಣ ರುಬ್ಬಿಡ್ರಿ. ನಾ ಬಂದು ತಟ್ಟತೀನಿ."

ಅತ್ತೆ ಗೌರವ್ವ ನಕ್ಕೇಬಿಟ್ಟಳು. "ಸಾಹೇಬ್ರ ಮುಂದ ನನ್ನ ಮಗ ಹೂರಣದ ಕೈಲೆ ನಿಂದರಬೇಕೇನವ್ವಾ?"

"ನಿಂದು ಸಣ್ಣ ಹುಡುಗ್ರ ಸಾಲಿ. ಅರ್ಧಾ ದಿನದಾಗ ಏನ ಮುಳುಗತೈತಿ?" ಎಂದ ಶಶಿಧರ.

ಮುಳುಗುವುದು ಯಾರೆಂದು ಅವಳಿಗೆ ಗೊತ್ತಿತ್ತು. ನಾಲ್ಕನೇ ತರಗತಿಯ ಸಾಯಲಿ.

ಹೋದ ವರ್ಷದ ಸಭೆಯಲ್ಲಿ ಮುಖ್ಯೋಪಾಧ್ಯಾಯ ಪಂಢರಿನಾಥ ಸರ್ ಗಣಿತದ ಅಂಕಗಳನ್ನು ಕೆಳಗಿನಿಂದ ಮೇಲಕ್ಕೆ ಗಟ್ಟಿಯಾಗಿ ಓದಿದ್ದರು. ಮೊದಲ ಹೆಸರೇ ಸಾಯಲಿಯದು. ಅವಳ ತಾಯಿ ಕುಂದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಮಗಳು ಅಂದಿನಿಂದ ಗಣಿತಕ್ಕೆ ಪಾಟಿ-ಬಳಪವನ್ನೇ ಮುಟ್ಟದಾದಳು.

ಐಶ್ವರ್ಯಾ ಬೈಯಲಿಲ್ಲ. ಪಕ್ಕದಲ್ಲಿ ಕೂತು, ವಾರಗಟ್ಟಲೆ ಒಂದೇ ಮಾತು ಕೇಳಿದಳು: "ಇದು ಹೆಂಗ ಬಂತು, ನನಗ ಹೇಳವಾ." ಈ ಸಲದ ಪರೀಕ್ಷೆಯಲ್ಲಿ ನಲವತ್ತೆರಡರಲ್ಲಿ ಹದಿನೇಳು ಕಳೆದು ಹುಡುಗಿ ಮೂವತ್ತೈದು ಬರೆದಿದ್ದಳು. ಕೊನೆಗೊಮ್ಮೆ ಪಿಸುಗುಟ್ಟಿದಳು: "ಎರಡರಾಗ ಏಳು ಹೋಗೂದಿಲ್ರಿ. ಅದಕ್ಕ ಏಳರಾಗ ಎರಡು ತೆಗದೆ."

ದಡ್ಡತನ ಅಲ್ಲ ಇದು, ಅವಳದೇ ಒಂದು ದಾರಿ. ಕುಂದಾ ಕಾಡಿನೆಲೆ ಹೊಲಿದು ಊಟದ ಪತ್ರಾವಳಿ ಮಾಡಿ ಮಾರುತ್ತಾಳೆ. ಹತ್ತತ್ತರ ಕಟ್ಟು ಕಟ್ಟುವುದು ಸಾಯಲಿಯ ಕೆಲಸ. ಐಶ್ವರ್ಯಾ ನಾಲ್ಕು ಕಟ್ಟು, ಎರಡು ಬಿಡಿ ಪತ್ರಾವಳಿ ತರಿಸಿ ಮೇಜಿನ ಮೇಲಿಟ್ಟಳು.

"ಗಿರಾಕಿ ಹದಿನೇಳು ಕೇಳ್ಯಾನ. ಹೆಂಗ ಕೊಡ್ತಿ?"

"ಒಂದು ಕಟ್ಟು ಬಿಚ್ಚಬೇಕ್ರಿ. ಇಷ್ಟೂ ಗೊತ್ತಿಲ್ಲೇನ್ರಿ ಟೀಚರ್?"

ತರಗತಿಯೆಲ್ಲ ನಕ್ಕಿತು, ಸಾಯಲಿಯೂ. ಮರುದಿನದಿಂದ ಬಾಜು ಕೂರುವ ಅಜಿಂಕ್ಯನ ಪಾಟಿಯ ಮೇಲೆ ಇವಳದೇ ದರ್ಬಾರು: "ಏ, ಮೊದಲ ಕಟ್ಟ ಬಿಚ್ಚೋ!"

ಆದರೆ ಇದು ನಡೆದದ್ದು ಪರೀಕ್ಷೆ ಮುಗಿದ ಮೇಲೆ. ಅಂಕಪಟ್ಟಿಯಲ್ಲಿ ಈಗಲೂ ನಲವತ್ತಕ್ಕೆ ಹನ್ನೊಂದು, ಎಲ್ಲರಿಗಿಂತ ಕೆಳಗೆ.

ಮಧ್ಯಾಹ್ನ ರಜೆಯ ಚೀಟಿ ಕೊಡುವಾಗ ಐಶ್ವರ್ಯಾ ಕೇಳಿಕೊಂಡಳು, "ಸರ್, ಇವತ್ತ ಪಟ್ಟಿ ಓದಬ್ಯಾಡ್ರಿ. ಸಾಯಲಿ ಕೈಲೆ ಪತ್ರಾವಳಿ ಲೆಕ್ಕ ಮಾಡಸ್ರಿ."

"ನಾಚಿಕಿ ಬಂದ್ರ ಓದತಾವ್ರಿ ಟೀಚರ್. ನಾನೂ ಹಂಗ ಕಲತೀನಿ."

"ನಾಚಿಕಿ ಬಂದ್ರ ಬಾಯಿ ಮುಚ್ಚತಾವ್ರಿ."

"ಹಂಗಾದ್ರ ನೀವ ಇದ್ದು ನಡಸ್ರಿ ಸಭಾ. ನಾ ಬ್ಯಾಡ ಅಂದೆನೇನು? ಚೀಟಿ ಕೊಟ್ಟವರು ನೀವ. ನಾ ಮಾಡಿದ್ರ ನನ್ನ ಪದ್ಧತಿನ."

ಐಶ್ವರ್ಯಾ ಚೀಲ ಹೆಗಲಿಗೇರಿಸಿದಳು. ಹೊರಬಂದರೆ ಸಾಯಲಿ ಎರಡು ಜಡೆ ಹಾಕಿಕೊಂಡು, ಕಟ್ಟುಗಳನ್ನು ಎದೆಗವಚಿ ನಿಂತಿದ್ದಳು. "ಮೂರಕ್ಕಲ್ರಿ ಟೀಚರ್? ನಮ್ಮವ್ವನೂ ಬರತಾಳ್ರಿ."

"ಹೂಂ," ಎಂದಳು ಐಶ್ವರ್ಯಾ. ಬಸ್ಸಿನತ್ತ ಹೊರಟುಬಿಟ್ಟಳು.

ಒಂದೂವರೆಯ ಬಸ್ಸು ಖಾಲಿಯೇ ಇತ್ತು, ಆದರೂ ಅವಳಿಗೆ ನೆಟ್ಟಗೆ ಕೂರಲಾಗಲಿಲ್ಲ. ಕಿಟಕಿಯ ಪಕ್ಕ ಕೂತಳು, ಎದ್ದು ಈಚೆ ಬದಿಗೆ ಬಂದಳು. ಚೀಲ ತೊಡೆಯ ಮೇಲಿಟ್ಟಳು, ಕೆಳಗಿಟ್ಟಳು. ಮೊಬೈಲಿನಲ್ಲಿ ಗಂಡನ ಸಂದೇಶ: ಎಲ್ಲಿಗೆ ಬಂದಿ? ಬೆನ್ನಿಗೇ ಇನ್ನೊಂದು: ಯಾಲಕ್ಕಿ ಮನ್ಯಾಗ ಐತೇನು? ಮನೆಯ ಯಾಲಕ್ಕಿ ಡಬ್ಬಿ ಎಲ್ಲಿದೆಯೆಂದು ಮದುವೆಯಾದ ಹನ್ನೆರಡು ವರ್ಷದಲ್ಲಿ ಆತನಿಗೆ ತಿಳಿದಿರಲಿಲ್ಲ. ಹುಡುಕಿಯೂ ಇರಲಿಲ್ಲ.

ತಾನು ಹೂಂ ಎಂದದ್ದು ಯಾರಿಗೆ? ಸಾಹೇಬರಿಗಂತೂ ಅಲ್ಲ, ಸಾಯಲಿಗೆ.

"ನಿಲ್ಲಸ್ರಿ!"

ಕಂಡಕ್ಟರ್ ಬೆಚ್ಚಿದ. "ಇಲ್ಲಿ ಸ್ಟಾಪಿಲ್ರಿ ಅಕ್ಕಾರ. ಭತ್ತದ ಗದ್ದಿ ಅದ."

"ಇರಲ್ರಿ. ಇಳೀತೀನಿ."

ಬಸ್ಸಿನ ಧೂಳು ಅಡಗುವ ತನಕವೂ ಅವಳು ನಿಲ್ಲಲಿಲ್ಲ; ನಡೆಯುತ್ತಲೇ ಬರೆದಳು: ಏಳಕ್ಕ ಬರತೀನಿ. ಬೇಳಿ ಬೆಂದೈತಿ. ಉಳದದ್ದು ನೀವ ನೋಡಕೋರ್ರಿ. ಕಳಿಸುವ ಮುನ್ನ ಹೆಬ್ಬೆರಳು ಒಂದು ಗಳಿಗೆ ತಡೆಯಿತು. ಆಮೇಲೆ ಒತ್ತಿದಳು.

ಶಾಲೆ ಐದು ಕಿಲೋಮೀಟರ್ ಹಿಂದಿತ್ತು. ಮೂರಾಗಲು ಒಂದೂಕಾಲು ಗಂಟೆ. ಮೊಬೈಲು ರಿಂಗಾಗತೊಡಗಿತು. ಐಶ್ವರ್ಯಾ ಅದನ್ನು ಚೀಲಕ್ಕೆ ಹಾಕಿ, ಸೀರೆಯ ನಿರಿಗೆ ಎತ್ತಿ ಹಿಡಿದು, ಬಿರಬಿರನೆ ಹೆಜ್ಜೆ ಹಾಕಿದಳು.