ಒರೆಸಿಕೊಂಡ ಫೇಸ್ ಮಾಸ್ಕ್

ಮುಖಕ್ಕೆ ಹಚ್ಚಿ ಹತ್ತು ನಿಮಿಷಕ್ಕೆ ತೊಳೆಯಬೇಕಾಗಿದ್ದ ಮಾಸ್ಕನ್ನು ಸುಜಾತಾ ತೊಳೆಯಲೇ ಇಲ್ಲ. ಒದ್ದೆ ಟವೆಲ್ಲಿನ ತುದಿಯಿಂದ ಒರೆಸಿಕೊಂಡು, ಬಟ್ಟೆ ಒಣಹಾಕಲು ಮಟಮಟ ಮಧ್ಯಾಹ್ನ ಟೆರೇಸ್ ಹತ್ತಿದಳು.

ನನಗೆ ಅದು ಗೊತ್ತಾದದ್ದು ಸಂಜೆ, ಅವಳ ಬಲಗೆನ್ನೆ ಕೆಂಪಗೆ ಊದಿಕೊಂಡ ಮೇಲೆ.

ಸುಜಾತಾ ನನ್ನ ಅಣ್ಣನ ಮಗಳು. ಔರಾದ್ ಹತ್ತಿರದ ಹಳ್ಳಿಯವಳು, ಭಾಲ್ಕಿಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಮುಗಿಸಿದವಳು. ಈ ಬೇಸಿಗೆಯ ಮಾತು ಇದು. ಮಳೆ ಮತ್ತೆ ಕೈಕೊಟ್ಟಿತ್ತು, ಅಣ್ಣ ವೈನಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಹೊರಟಿದ್ದರು. ಅರ್ಧ ಊರೇ ಹೊರಟಿತ್ತು ಅನ್ನಿ.

ಇವಳನ್ನೂ ಕರೆದುಕೊಂಡು ಹೋಗುವವರಿದ್ದರು. ನಾನೇ ತಡೆದೆ.

ಬೀದರಿನಲ್ಲಿ ಹೊಸದಾಗಿ ಒಂದು ಕಾಸ್ಮೆಟಿಕ್ಸ್ ಅಂಗಡಿ ಶುರುವಾಗುತ್ತಿತ್ತು, ಕೌಂಟರಿಗೆ ಹುಡುಗಿ ಬೇಕಾಗಿದ್ದಳು. ಕೆಲಸ ಸಿಕ್ಕರೆ ನನ್ನ ಮನೆಯಲ್ಲೇ ಇದ್ದುಕೊಂಡು ಡಿಗ್ರಿಗೂ ಸೇರಬಹುದು. ಸಿಗದಿದ್ದರೆ ಅಪ್ಪ ಅವ್ವನ ಹಿಂದೆ ಇಟ್ಟಿಗೆ ಹೊರಲು ಹೋಗಬೇಕು.

ಸೋಮವಾರ ಇಂಟರ್‌ವ್ಯೂ. ನನಗೋ ಫೇಸ್ ಮಾಸ್ಕಿನ ಹುಚ್ಚು, ಅದು ನಿಮಗೆಲ್ಲ ಗೊತ್ತೇ ಇದೆ. ನಮ್ಮ ಮನೆಯವರು ನನ್ನ ಕಪಾಟಿಗೆ ಮೆಡಿಕಲ್ ಸ್ಟೋರ್ ಎಂದೇ ಹೆಸರಿಟ್ಟಿದ್ದಾರೆ! ಅದರಿಂದ ಎರಡು ಡಬ್ಬಿ ಶುಕ್ರವಾರವೇ ತೆಗೆದಿಟ್ಟು, ಶನಿವಾರ ಬೆಳಿಗ್ಗೆ ಟ್ರೇನಿಂಗ್ ಶುರು ಮಾಡಿದೆ.

ಒಂದು ಕ್ಲೇ ಮಾಸ್ಕ್. ಕೆಯೊಲಿನ್, ಬೆಂಟೊನೈಟ್, ಅಂದರೆ ಬಗೆಬಗೆಯ ಜೇಡಿಮಣ್ಣು. ಮುಖದ ಜಿಡ್ಡು ಹೀರುತ್ತದೆ, ಪೂರ್ತಿ ಬಿರಿಯುವಷ್ಟು ಒಣಗಲು ಬಿಡಬಾರದು.

ಇನ್ನೊಂದು ಗ್ಲೈಕಾಲಿಕ್ ಮತ್ತು ಸ್ಯಾಲಿಸಿಲಿಕ್ ಆ್ಯಸಿಡ್ ಇರುವ ಪೀಲಿಂಗ್ ಮಾಸ್ಕ್. ಸತ್ತ ಚರ್ಮವನ್ನು ಸಡಿಲ ಮಾಡುತ್ತದೆ, ಆದರೆ ಹತ್ತು ನಿಮಿಷ ದಾಟಿಸುವಂತಿಲ್ಲ. ಸಾಕಷ್ಟು ನೀರಿನಿಂದ ತೊಳೆಯಿರಿ ಎಂದು ಎರಡೂ ಡಬ್ಬಿಯ ಮೇಲೆ ಬರೆದಿತ್ತು. ಅದನ್ನು ಓದಿ ಇಬ್ಬರೂ ನಕ್ಕೆವು. ಬೀದರಿನ ಬೇಸಿಗೆಯಲ್ಲಿ ಸಾಕಷ್ಟು ನೀರಂತೆ...

ಹುಡುಗಿ ಬಹಳ ಚುರುಕು. ಮಧ್ಯಾಹ್ನದೊಳಗೆ ನನಗೇ ಪಾಠ ಒಪ್ಪಿಸಿದಳು. "ಅತ್ತಿ, ಮಣ್ಣಿಂದು ಮ್ಯಾಲಿನ ಎಣ್ಣಿ ಎಳಿತದ, ಆ್ಯಸಿಡಿಂದು ಸತ್ತ ಚರ್ಮ ಬಿಡಸ್ತದ. ಮುಖ ಒಣ ಇದ್ದವ್ರಿಗಿ ಮಣ್ಣಿಂದು ಕೊಡಬಾರ್ದು. ಹೌದಿಲ್ರಿ?"

ಗಿರಾಕಿಗೆ ಹೇಳುವವಳಿಗೆ ಸ್ವಂತ ಅನುಭವ ಇರಲಿ ಎಂದು ಎಡಗೆನ್ನೆಗೆ ಕ್ಲೇ, ಬಲಗೆನ್ನೆಗೆ ಆ್ಯಸಿಡ್ ಹಚ್ಚಿದೆ. ಹಿಂದಿನ ದಿನವೇ ಕಿವಿಯ ಹಿಂದೆ ಹಚ್ಚಿ ನೋಡಿದ್ದೆವು, ಏನೂ ಆಗಿರಲಿಲ್ಲ. ಆ್ಯಸಿಡ್ ಹಚ್ಚಿದ ಚರ್ಮ ಬೇಗ ಸುಡುತ್ತದೆ, ಬಿಸಿಲಿಗೆ ಹೋಗಬೇಡ ಎಂದು ಹೇಳುವುದೊಂದು ಮರೆತುಹೋಯಿತು.

ಅಷ್ಟರಲ್ಲಿ ಓಣಿಯಲ್ಲಿ ಟ್ಯಾಂಕರ್ ಬಂತು ಅಂತ ಗುಲ್ಲೆದ್ದಿತು. "ಟೈಮ್ ಆದ ಕೂಡ್ಲೆ ತೊಳಕೋ" ಎಂದು ಕೂಗಿ ಹೇಳಿ ಕೊಡ ಹಿಡಿದು ಓಡಿದೆ. ಟ್ಯಾಂಕರ್ ನಮ್ಮ ಓಣಿಗೆ ತಿರುಗಲೇ ಇಲ್ಲ. ಅದರ ಹಿಂದೆ ಬಹಳ ಹೊತ್ತು ಅಲೆದು, ಖಾಲಿ ಕೊಡ ಹಿಡಿದು ಬೈದುಕೊಳ್ಳುತ್ತಾ ವಾಪಸ್ ಬಂದೆ.

ಸಂಜೆ ಚಹಾ ಕೊಡುವಾಗ ಕೆನ್ನೆ ಕಂಡಿತು.

"ಉರಿಲಿಕತ್ತದ್ರಿ ಅತ್ತಿ... ಆದ್ರ ಕಮ್ಮಿ ಆಗ್ತದ ಬಿಡ್ರಿ."

"ತೊಳಕೊಂಡಿದ್ದಿ ಇಲ್ಲ?"

ನೆಲ ನೋಡುತ್ತಾ ಹೇಳಿದಳು. "ಡ್ರಮ್ಮಿನ್ಯಾಗ ನೀರು ತಳ ಕಂಡಿತ್ರಿ. ನಿಮಗ ರಾತ್ರಿ ಅಡಗಿಗಿ ಬೇಕಲ್ರಿ. ಅದಕ್ಕ ಟವೆಲ್ ತೋಯಿಸಿ ಒರಸಕೊಂಡೆ."

ನಮ್ಮ ಔರಾದ್ ಕಡೆ ಬರದ ವರ್ಷಗಳಲ್ಲಿ ಒಂದು ರೂಢಿ ಬಿದ್ದುಬಿಟ್ಟಿದೆ. ನೆಂಟರ ಮನೆಯಲ್ಲಿ ರೊಟ್ಟಿ ಇನ್ನೊಂದು ಹಾಕಿಸಿಕೊಳ್ಳುತ್ತಾರೆ, ನೀರನ್ನು ಮಾತ್ರ ಬಾಯಿಬಿಟ್ಟು ಕೇಳುವುದಿಲ್ಲ. ನಾನೂ ಅದೇ ಊರಿನಲ್ಲಿ ಹುಟ್ಟಿದವಳು. ನನಗೆ ಹೊಳೆಯಬೇಕಿತ್ತು.

ಅದೂ ಸಾಲದೆಂಬಂತೆ ನೀರಿನ ವಿಷಯದಲ್ಲಿ ನಾನು ಮನೆಯ ಪೊಲೀಸ್. ಅವತ್ತು ಬೆಳಿಗ್ಗೆ ನಮ್ಮವರು ಗಡ್ಡ ಕೆರೆದುಕೊಳ್ಳಲು ಎರಡನೇ ಮಗ್ ನೀರು ತೆಗೆದರೆಂದು ಮನೆಯೇ ಹಾರಿಹೋಗುವಂತೆ ಕೂಗಾಡಿದ್ದೆ. ಸುಜಾತಾ ಪಕ್ಕದಲ್ಲೇ ರೊಟ್ಟಿ ಬಡಿಯುತ್ತಿದ್ದಳು. ಕೇಳಿಸಿಕೊಂಡಿದ್ದಾಳೆ, ಪಾಪ.

ಉಳಿದಿದ್ದ ನೀರನ್ನೆಲ್ಲ ಅವಳ ಮುಖಕ್ಕೆ ಸುರಿದೆ. ಅವಳು ಬೇಡ ಬೇಡ ಅನ್ನುತ್ತಲೇ ಇದ್ದಳು. ಡಾಕ್ಟರ್ ಮುಲಾಮು ಕೊಟ್ಟರು, ಮಾಯಲು ಸಮಯ ಬೇಕು ಅಂದರು. ಸಮಯ ಎಲ್ಲಿತ್ತು?

ಸೋಮವಾರ ಬಲಗೆನ್ನೆ ಕಪ್ಪಾಗಿ ಸಿಪ್ಪೆ ಏಳುತ್ತಿತ್ತು. ಆದರೂ ಹೋದೆವು.

ಮಾಲೀಕರು ಕೇಳಿದ್ದಕ್ಕೆಲ್ಲ ಸುಜಾತಾ ತಡವರಿಸದೆ ಉತ್ತರ ಹೇಳಿದಳು. ಯಾವ ಚರ್ಮಕ್ಕೆ ಯಾವುದು, ಎಷ್ಟು ಹೊತ್ತು, ಎಲ್ಲವನ್ನೂ. ಅವರು ಕೇಳಿಸಿಕೊಳ್ಳುತ್ತಿದ್ದರು, ಕಣ್ಣು ಮಾತ್ರ ಕೆನ್ನೆಯ ಮೇಲೆಯೇ ಇತ್ತು.

"ಹುಡುಗಿ ಶಾಣ್ಯಾ ಇದ್ದಾಳ್ರಿ," ಅಂದರು ನನಗೆ. "ಆದ್ರ ಕೌಂಟರಿನ ಹುಡುಗಿ ಮುಖಾನೇ ಹಿಂಗಿದ್ರ ಗಿರಾಕಿ ಏನ್ ತೊಗೊಂಡಾರು?"

ಹಚ್ಚಿದವಳು ನಾನು, ತಪ್ಪು ನನ್ನದು ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಅವರನ್ನು ಬೈಯಬೇಕೆಂದರೆ ಬೈಯಲೂ ಆಗುತ್ತಿಲ್ಲ ನನಗೆ.

ಆ ವಾರವೇ ಅಣ್ಣ ಬಂದು ಹೈದರಾಬಾದಿಗೆ ಕರೆದುಕೊಂಡು ಹೋದ. ಬಸ್ ಸ್ಟ್ಯಾಂಡಿನಲ್ಲಿ ಮುಖಕ್ಕೆ ಓಢಣಿ ಸುತ್ತಿಕೊಂಡೇ ಕುಳಿತಿದ್ದಳು. ನಾನು ಅತ್ತುಬಿಟ್ಟೆ, ಅವಳು ಅಳಲಿಲ್ಲ.

ನಿನ್ನೆ ಫೋನ್ ಮಾಡಿದ್ದಳು. ದನಿಯಲ್ಲಿ ಸಿಟ್ಟಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗುತ್ತಿಲ್ಲ.

"ಕೆನ್ನಿ ಆರಾಮ ಆಗ್ಯಾದ್ರಿ ಅತ್ತಿ, ಚಿಂತಿ ಮಾಡಬ್ಯಾಡ್ರಿ. ಇಲ್ಲಿ ನೀರಿಗಿ ಏನೂ ಕಮ್ಮಿ ಇಲ್ಲ. ಹೊಸಾ ಗ್ವಾಡಿಗಿ ದಿನಾ ಪೈಪ್ ಹಿಡ್ದು ನೀರು ಹೊಡಿಯೋದು ನಂದೇ ಕೆಲಸ. ಅದ್ರಾಗೇ ಮುಖಾನೂ ತೊಳಕೋತೇನಿ, ಬೇಕಾದಷ್ಟು."

ನನ್ನ ಬಚ್ಚಲಿನಲ್ಲಿ ಒಂದು ತಂಬಿಗೆ ನೀರು ಮುಟ್ಟಲು ಅಂಜಿದ ಹುಡುಗಿ ಯಾರದೋ ಮನೆಯ ಗೋಡೆಗೆ ನೀರು ಕುಡಿಸುತ್ತಿದ್ದಾಳೆ... ನಾನು ಅವಳಿಗೆ ಏನಂತ ಉತ್ತರ ಕೊಡಬೇಕಿತ್ತು, ನೀವಾದರೂ ಹೇಳಿ.