ಬರುವವರ ತಟ್ಟೆ

ಸರೋಜಕ್ಕ ಯಾರ ಮುಖವನ್ನೂ ನೋಡಿ ಮಾತಾಡುತ್ತಿರಲಿಲ್ಲ. ಕನ್ನಡಕ ಮೂಗಿನ ತುದಿಯಲ್ಲಿ, ಕಣ್ಣು ಸೂಜಿಯ ಮೇಲೆ, ತೊಡೆಯ ಮೇಲೆ ಅರ್ಧ ಹೊಲಿದ ಕೌದಿ. ಲಂಡನ್ನಿನ ಹ್ಯಾರೋದಲ್ಲಿದ್ದ ಅವರ ಮನೆಗೆ ಹೋದವರ ಕೈಗೆ ಚಹಾಕ್ಕಿಂತ ಮೊದಲು ಸೂಜಿದಾರ ಬರುತ್ತಿತ್ತು. ದೊಡ್ಡ ದೊಡ್ಡ ಡಾಕ್ಟರುಗಳು ಹಳೇ ಸೀರೆಯ ತುಂಡಿಗೆ ಓರೆಕೋರೆ ಹೊಲಿಗೆ ಹಾಕುತ್ತ ಕೂತದ್ದನ್ನು ಕಂಡು ನಾನು ನಕ್ಕಿದ್ದೇನೆ. "ಮಾರಿ ನೋಡಿ ಕೇಳಿದ್ರ ಹುಡುಗ್ರು ಬಾಯಿ ಮುಚ್ಚಿಬಿಡ್ತಾವ. ಕೈಯಾಗ ಕೆಲಸಾ ಕೊಟ್ಟು ಸುಮ್ನ ಕುಂದರ್ರಿ" ಎನ್ನುತ್ತಿದ್ದರು.

ಕೌದಿ ಧಾರವಾಡದ್ದಾದರೂ ಕೈಗೆ ಕೆಲಸ ಕೊಟ್ಟು ಮಾತು ಬಿಡಿಸುವ ಈ ವಿದ್ಯೆ ಅಲ್ಲಿಯದಲ್ಲ. ಲಂಡನ್ನಿಗೆ ಬರುವ ಮೊದಲು ಅವರ ಯಜಮಾನರು ಅಮೆರಿಕದ ಒಹಾಯೋದಲ್ಲಿ, ಸಣ್ಣ ಊರಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರಾಗಿದ್ದರು. ನೆರೆಯಲ್ಲಿ ಆಮಿಶ್ ಜನ. ಕಾರು, ಕರೆಂಟು ಬೇಡವೆಂದು ಕುದುರೆಗಾಡಿಯಲ್ಲೇ ಓಡಾಡುವ ದೈವಭಕ್ತರು. ಅಲ್ಲೊಬ್ಬಳು ಹುಡುಗಿ ದಾರಿ ತಪ್ಪಿದಾಗ ಯಾರೂ ಬೈಯಲಿಲ್ಲವಂತೆ. ಸೋದರತ್ತೆಯ ಮನೆಗೆ ಕಳಿಸಿ, ಕೌದಿ ಹೊಲಿಯುವ ಹೆಂಗಸರ ನಡುವೆ ಕೂರಿಸಿದರು. ತಾಯಿ ಮಾತ್ರ ದಿನವೂ ಊಟಕ್ಕೆ ಮಗಳ ತಟ್ಟೆಯನ್ನೂ ಇಡುತ್ತಿದ್ದಳು.

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಮಗಳು ಮೇಘನಾಗೆ ಹದಿನೈದು ತುಂಬಿತು. ಶಾಲೆಗೆಂದು ಹೊರಟು ವೆಂಬ್ಲಿಯಲ್ಲಿ ಯಾರ ಯಾರ ಜೊತೆಗೋ ಅಲೆಯುತ್ತಿದ್ದಳು. ಶಾಲೆಯವರು ಕೆಲವು ವಾರ ಬರಬೇಡವೆಂದು ಮನೆಗೆ ಕಳಿಸಿದರು. ಅಪ್ಪ, ಮಗಳು ಮಾತು ಬಿಟ್ಟರು. ಒಂದು ದಿನ ಹೋದವಳು ಮರಳಿ ಬಾರದಿದ್ದರೆ ಎಂಬ ಭಯದಲ್ಲಿ ನಾನು ಸದಾ ಕಿಟಕಿಯ ಬಳಿಯೇ ನಿಂತಿರುತ್ತಿದ್ದೆ. ಕೊನೆಗೆ ಸರೋಜಕ್ಕನ ಬಾಗಿಲು ತಟ್ಟಿದೆ.

"ನನ್ನ ಕಡೆ ಬಿಡ್ರಿ. ನೀವು ಮನ್ಯಾಗ ದಿನಾ ಆಕಿ ತಾಟು ಇಡ್ರಿ, ಅಷ್ಟ" ಎಂದರು. ಮೇಘನಾಳನ್ನು ಅವರ ಮನೆಯಲ್ಲಿ ಬಿಟ್ಟು ಬಂದೆ.

ನನ್ನ ಗಂಡ ಸರ್ಜನ್ ಆದರೇನು, ಮೈಸೂರಿನ ಮಡಿವಂತರ ಮನೆಯವರು. ಖಾಲಿ ಕುರ್ಚಿಯ ಮುಂದೆ ತಟ್ಟೆ ಕಂಡು ಕೆಂಡವಾದರು. "ಬದುಕಿರೋ ಮಗಳಿಗೆ ಎಡೆ ಇಡ್ತೀಯಲ್ಲೇ! ಇದೇನು ತಿಥಿಯಾ?"

ಅಳುತ್ತ ಫೋನ್ ಮಾಡಿದೆ. ಸರೋಜಕ್ಕ ನಕ್ಕುಬಿಟ್ಟರು. "ಹೋದವ್ರಿಗೆ ಇಡೂದು ಬ್ಯಾರೆ, ಬರೋರಿಗೆ ಇಡೂದು ಬ್ಯಾರೆ ಅಂತ ಡಾಕ್ಟರಿಗೆ ಹೇಳ್ರಿ."

ತಟ್ಟೆ ಅಲ್ಲೇ ಉಳಿಯಿತು. ಇವರು ಅದರತ್ತ ನೋಡದೆ ಉಂಡು ಏಳುತ್ತಿದ್ದರು.

ಅಲ್ಲಿ ಮೇಘನಾ ಮೊದಮೊದಲು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳಂತೆ. ಆಮೇಲೆ ಬೇಜಾರಿಗೆ ಸೂಜಿ ಹಿಡಿದಳು. ಹೊಲಿಯುತ್ತ ಹೊಲಿಯುತ್ತ ಒಂದು ಮಧ್ಯಾಹ್ನ ಎಲ್ಲವನ್ನೂ ಹೇಳಿಕೊಂಡಳು. ಏನು ಹೇಳಿದಳೆಂದು ನಾನೆಷ್ಟು ಗೋಗರೆದರೂ ಸರೋಜಕ್ಕ ಬಾಯಿ ಬಿಡಲಿಲ್ಲ. "ಆಕಿ ಮಾತು ಆಕಿದು." ನನಗೆ ಹೊಟ್ಟೆಕಿಚ್ಚಾದದ್ದು ನಿಜ.

ಒಂದು ಸಂಜೆ ಊಟದ ಹೊತ್ತಿಗೆ ಬೆಲ್ ಆಯಿತು. ಒಳಬಂದ ಮೇಘನಾ ಮೇಜಿನ ಮುಂದೆ ನಿಂತುಬಿಟ್ಟಳು. "ಈಸ್ ದಟ್ ಮೈನ್?"

ಇವರು ತಲೆ ಎತ್ತಲಿಲ್ಲ. ಅವಳ ತಟ್ಟೆಗೆ ಅನ್ನ ಬಡಿಸುತ್ತ, "ಸಾರು ಆರ್ಹೋಗತ್ತೆ, ಕೂತ್ಕೋ" ಎಂದರು.

ಕೆಲವು ವರ್ಷಗಳ ನಂತರ, ಒಂದು ಚಳಿಗಾಲದಲ್ಲಿ ಸರೋಜಕ್ಕ ತೀರಿಕೊಂಡರು. ಅಂತ್ಯಕ್ರಿಯೆ ಮುಗಿಸಿ ಮನೆಗೆ ಬಂದಾಗ ಊಟದ ಹೊತ್ತಾಗಿತ್ತು. ಇದ್ದದ್ದು ನಾವು ಮೂವರೇ, ಮೇಘನಾ ಮೇಜಿಗೆ ನಾಲ್ಕು ತಟ್ಟೆ ಹಾಕಿದಳು. ನಾನು ಹೆದರಿ ಗಂಡನ ಮುಖ ನೋಡಿದೆ.

ಅವರು ಎದ್ದು ನಾಲ್ಕನೆಯ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆಳೆದರು, ಯಾರೋ ಕೂರುವಷ್ಟು. "ಮೊದಲು ಅವರಿಗೆ ಬಡಿಸು" ಎಂದರು.