ಇನ್‌ವ್ಯಾಲಿಡ್ ಗಾಡಿಯಲ್ಲಿ ಬನಶಂಕರಿಗೆ

ಬಿ.ಟಿ.ಎಂ. ಬಡಾವಣೆಯಿಂದ ನಾವು ಹೊರಟಾಗ ಬೆಳಗಿನ ಒಂಬತ್ತೂವರೆ. ರಾತ್ರಿಯ ಮಳೆಗೆ ರಸ್ತೆಯ ಗುಂಡಿಗಳೆಲ್ಲ ತುಂಬಿದ್ದವು. ಸ್ಕೂಟರ್ ಬಸಮ್ಮನದು, ಹೊಸದು. ಹಿಂದೆ ಎರಡೂ ಬದಿಗೆ ಒಂದೊಂದು ಚಕ್ರ ಕೂಡಿಸಿದ್ದರು. ಗದಗದ ಕಡೆಯಿಂದ ಬಂದು ನಮ್ಮ ಪಕ್ಕದ ಮನೆಯ ಬಾಡಿಗೆ ಕೋಣೆಯಲ್ಲಿದ್ದ ಅವಳಿಗೆ ಪೋಲಿಯೊದಿಂದಾಗಿ ಎರಡೂ ಕಾಲುಗಳಲ್ಲಿ ಬಲವಿರಲಿಲ್ಲ. ಅವಳ ಊರುಗೋಲುಗಳನ್ನು ತಬ್ಬಿಕೊಂಡು ನಾನು ಹಿಂದೆ ಕುಳಿತೆ. ಅಂಗವಿಕಲರ ಕಾನೂನು ಹೇಗಿರಬೇಕೆಂದು ಸರ್ಕಾರಕ್ಕೆ ಶಿಫಾರಸು ಬರೆಯುವುದು ಆಗ ನನ್ನ ಉದ್ಯೋಗ. ಬರೆದದ್ದರಲ್ಲಿ ಬಹುಪಾಲು ಯಾವುದೋ ಕಪಾಟು ಸೇರುತ್ತಿತ್ತು.

"ಗಟ್ಟಿ ಹಿಡ್ಕೋರಿ ಅಕ್ಕಾರ, ಬಿದ್ರ ನನ್ನ ಬೈಬ್ಯಾಡ್ರಿ," ಎಂದಳು.

ಹನ್ನೊಂದಕ್ಕೆ ಬನಶಂಕರಿಯಲ್ಲಿ ಅವಳ ಸಂದರ್ಶನ. ಕಂಪ್ಯೂಟರಿನ ಪರದೆಯ ಮೇಲಿನದನ್ನು ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶವನ್ನು ಕನ್ನಡಕ್ಕೆ ತರುತ್ತಿದ್ದ ಸಣ್ಣ ಕಚೇರಿ ಅದು. ಹಿಂದಿನ ಸಲ ಬಸ್ಸು ಹತ್ತಲಾಗದೆ, ಆಟೋದವರು ಒಪ್ಪದೆ ಅವಳು ತಲುಪಿರಲೇ ಇಲ್ಲ. ಇನ್ನೊಂದು ಸಲ ತಪ್ಪಿದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆಂದು ಅವರು ಫೋನಿನಲ್ಲೇ ಹೇಳಿದ್ದರು.

ಜಯನಗರ ಒಂಬತ್ತನೇ ಬ್ಲಾಕಿನ ದರ್ಶಿನಿಯೊಂದರ ಮುಂದೆ ನಿಲ್ಲಿಸಿದೆವು. ಒಳಗೆ ಎಲ್ಲರೂ ನಿಂತೇ ತಿನ್ನಬೇಕು. ನಾನು ಇಡ್ಲಿ-ವಡೆ ಹೊರಗೆ ತಂದೆ. ಸ್ಕೂಟರಿನ ಸೀಟೇ ಮೇಜಾಯಿತು. ಚಟ್ನಿ ನೀರು ನೀರು, ವಡೆ ಮಾತ್ರ ಚೆನ್ನಾಗಿತ್ತು.

ಮುಂದಿನ ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೇದೆಯೊಬ್ಬರು ಕೈ ಅಡ್ಡ ಹಿಡಿದರು. ಗಾಡಿಯ ನೋಂದಣಿ ಪತ್ರ ಓದಿ ಹುಬ್ಬು ಗಂಟಿಕ್ಕಿದರು.

"ಮೇಡಂ, ಇದ್ರಲ್ಲೇ ಇನ್‌ವ್ಯಾಲಿಡ್ ಕ್ಯಾರೇಜ್ ಅಂತ ಬರ್ದಿದಾರಲ್ಲ! ವ್ಯಾಲಿಡ್ ಇಲ್ದಿರೋ ಗಾಡೀನ ರೋಡಿಗೆ ಹೆಂಗೆ ತಂದ್ರಿ? ಸೈಡಿಗೆ ಹಾಕಿ."

ನಗು ಬಂತು, ನುಂಗಿಕೊಂಡೆ. ಮೋಟಾರು ಕಾನೂನಿನ ಇಂಗ್ಲಿಷಿನಲ್ಲಿ ಇಂಥ ಗಾಡಿಗಳ ಹೆಸರೇ ಅದು.

"ಅದು ಗಾಡಿಗೆ ಹೇಳಿದ್ದಲ್ಲ ಸಾರ್. ಕೈಲಾಗದವ್ರು ಓಡಿಸೋ ಗಾಡಿ ಅಂತ ಅರ್ಥ. ಸ್ಪೆಲಿಂಗ್ ಒಂದೇ, ಅರ್ಥ ಬೇರೆ," ಎಂದೆ.

ಅವರು ನಿಜಕ್ಕೂ ಯೋಚನೆಗೆ ಬಿದ್ದರು. "ಹಂಗಾದ್ರೆ ಗಾಡಿ ವ್ಯಾಲಿಡ್ಡು, ಇವ್ರು ಇನ್‌ವ್ಯಾಲಿಡ್ಡು. ಅಲ್ವಾ?"

ಅಲ್ಲ ಎನ್ನಲು ಬಾಯಿ ತೆರೆದೆ. ವಾದಕ್ಕೆ ನಿಂತರೆ ಅವರ ಮೇಲಧಿಕಾರಿ ಬರುವವರೆಗೆ ಅಲ್ಲೇ ಕಾಯಬೇಕಾಗುತ್ತಿತ್ತು. ಬಸಮ್ಮ ನನ್ನನ್ನು ತಡೆದಳು.

"ಹೌದ್ರೀ ಸಾಹೇಬ್ರ, ನಾನ ಇನ್‌ವ್ಯಾಲಿಡ್. ಗಾಡಿ ಚಲೋ ಐತಿ. ಬಿಡ್ರಿ, ಹೊತ್ತಾತು."

ಪೇದೆ ಪತ್ರ ಮರಳಿಸಿ, ಪಕ್ಕದ ಬಸ್ಸನ್ನು ನಿಲ್ಲಿಸಿ ನಮಗೆ ದಾರಿ ಮಾಡಿಕೊಟ್ಟರು. ಒಳ್ಳೆಯ ಮನುಷ್ಯ. ಆದರೂ ನನಗೆ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯಲಿಲ್ಲ.

ಹನ್ನೊಂದು ಹೊಡೆಯುವುದರೊಳಗೆ ತಲುಪಿದೆವು. ಕಚೇರಿ ನೆಲಮಹಡಿಯಲ್ಲಿತ್ತು. ನಾನು ಎದುರಿನ ಹೊಂಗೆ ಮರದಡಿ ಕಾದೆ. ಬಿಸಿಲು ಏರಿದ ಮೇಲೆ ಅವಳು ಹೊರಬಂದು, "ಸೋಮವಾರದಿಂದ ಬಾ ಅಂದ್ರು," ಎಂದಳು. ಖುಷಿಯಲ್ಲಿ ಇಬ್ಬರೂ ಎಳನೀರು ಕುಡಿದೆವು. ಪೇದೆಯ ವ್ಯಾಲಿಡ್ಡು-ಇನ್‌ವ್ಯಾಲಿಡ್ಡನ್ನು ನಮ್ಮ ಕಚೇರಿಯಲ್ಲಿ ಹೇಳಿ ಎಲ್ಲರನ್ನೂ ನಗಿಸುತ್ತೇನೆ ಎಂದೆ. ಬಸಮ್ಮ ನಗಲಿಲ್ಲ.

"ಸೋಮವಾರದಿಂದ ದಿನಾ ಇದ ದಾರಿ ಅಕ್ಕಾರ. ಇವತ್ತ ಒಮ್ಮೆ ನನ್ನ ಬಾಯಿಂದ ಅಂದೇನಿ. ದಿನಾ ಅನ್ನಾಕ ಆಗಂಗಿಲ್ಲ. ಸರ್ಕಾರಕ್ಕ ಬರೀತೀರಲ್ಲ, ಆ ಶಬ್ದ ಯಾವಾಗ ತಗಸ್ತೀರಿ?"

ವರ್ಷಗಟ್ಟಲೆ ಹಿಡಿಯುತ್ತದೆ ಎನ್ನಲು ನಾಚಿಕೆಯಾಯಿತು. ಊರುಗೋಲುಗಳನ್ನು ಎತ್ತಿಕೊಂಡು ಹಿಂದೆ ಹತ್ತಿ ಕುಳಿತೆ. ವಾಪಸು ಆ ಸಿಗ್ನಲ್ಲಿಗೆ ಬಂದಾಗ ಅಲ್ಲಿ ಪೇದೆ ಇರಲಿಲ್ಲ, ಹಸಿರು ದೀಪ ಹತ್ತಿತ್ತು. ಆದರೂ ಬಸಮ್ಮ ಗಾಡಿಯ ವೇಗ ತಗ್ಗಿಸಿದಳು.